ಶ್ಯಾಮವರ್ಣವಿಚಾರ: ಮಾನಸೋಲ್ಲಾಸದ ಚಿತ್ರಪ್ರಕರಣದ ಬೆಳಕಿನಲ್ಲಿ

ಶೃಂಗಾರರಸಕ್ಕೆ ಶ್ಯಾಮವರ್ಣವೆಂದು ಭರತಮುನಿಯು ವಿಧಿಸಿರುವುದು ಅಲಂಕಾರಶಾಸ್ತ್ರವನ್ನು ಓದಿದವರೆಲ್ಲರಿಗೂ ತಿಳಿದ ವಿಷಯವೇ. ಆದರೆ ಶ್ಯಾಮವೆಂದರೆ ಯಾವ ಬಣ್ಣವೆಂದು ವಿದ್ಯಾರ್ಥಿಯೊಬ್ಬನು ಕೇಳಿದೊಡನೆ ಉತ್ತರಗಳು ಕವಲೊಡೆಯುತ್ತವೆ. ಕಪ್ಪೆಂದು ಕೆಲವರು, ನೀಲಿಯೆಂದು ಹಲವರು, ಗರಿಕೆಯ ಹಸುರೆಂದು ಇನ್ನು ಕೆಲವರು ಹೇಳುವುದುಂಟು. ಮೂವರಿಗೂ ಆಧಾರಗಳಿಗೆ ಕೊರತೆಯಿಲ್ಲ. ಅಮರಸಿಂಹನು ಕೃಷ್ಣ, ನೀಲ, ಅಸಿತ, ಶ್ಯಾಮ, ಕಾಲ, ಶ್ಯಾಮಲ, ಮೇಚಕಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿಬಿಟ್ಟಿದ್ದಾನೆ. ಮೇಘದೂತದಲ್ಲಿ ಯಕ್ಷನ ಪತ್ನಿಯನ್ನು ಕುರಿತು ಬರುವ ಶ್ಯಾಮಾ ಎಂಬ ಮಾತಿಗೆ ಅರ್ಥ ಹೇಳುವಾಗಲಂತೂ ಕಾಸಿದ ಚಿನ್ನದ ಕಾಂತಿಯುಳ್ಳ ಯುವತಿಯೆಂಬ ಲಕ್ಷಣವನ್ನು ಎತ್ತಿ ತೋರಿಸುವ ಸಂಪ್ರದಾಯವಿದೆ. ಕಪ್ಪು, ನೀಲಿ, ಹಸುರು, ಹೊಂಬಣ್ಣ ಈ ನಾಲ್ಕೂ ಒಂದೇ ಪದದ ಅರ್ಥಗಳಾಗುವುದಾದರೆ ಆ ಪದದಿಂದ ಕಣ್ಣಿಗೆ ಏನೂ ಕಾಣದಂತಾಗುವುದು.

ಕೋಶಕಾರನಿಗೆ ಈ ಸಂದಿಗ್ಧವು ಬಾಧಕವಲ್ಲ. ಪರ್ಯಾಯಪದಗಳನ್ನು ಕೂಡಿಸಿಕೊಟ್ಟರೆ ಅವನ ಕೆಲಸ ಮುಗಿಯಿತು. ಕವಿಗೂ ಅಷ್ಟಾಗಿ ಬಾಧಕವಲ್ಲ. ಆದರೆ ಗೋಡೆಯ ಮುಂದೆ ಕುಂಚವನ್ನು ಹಿಡಿದು ನಿಂತ ಚಿತ್ರಕಾರನು ಯಾವ ಚಿಪ್ಪಿನಲ್ಲಿ ಅದ್ದಬೇಕೆಂಬುದನ್ನು ನಿರ್ಣಯಿಸಲೇಬೇಕು. ಆದುದರಿಂದ ಇಂತಹ ಪದಗಳ ಅರ್ಥನಿರ್ಣಯಕ್ಕೆ ಕೋಶಗಳಿಗಿಂತಲೂ ಚಿತ್ರಶಾಸ್ತ್ರಗ್ರಂಥಗಳೇ ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷಿಗಳು. ಅವುಗಳಲ್ಲಿಯೂ ಕನ್ನಡನಾಡಿನ ಕಲ್ಯಾಣದ ಅರಮನೆಯಲ್ಲಿಯೇ ಹುಟ್ಟಿದ ಒಂದು ಗ್ರಂಥವು ಈ ವಿಷಯದಲ್ಲಿ ಬೇರೆಲ್ಲಿಯೂ ದೊರೆಯದಷ್ಟು ಸ್ಪಷ್ಟವಾಗಿ ಮಾತನಾಡುತ್ತದೆ.

ಅಭಿಲಷಿತಾರ್ಥಚಿಂತಾಮಣಿಯೆಂಬ ಇನ್ನೊಂದು ಹೆಸರುಳ್ಳ ಮಾನಸೋಲ್ಲಾಸವೇ ಆ ಗ್ರಂಥ. ಇದರ ಕರ್ತೃವು ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು. ಭೂಲೋಕಮಲ್ಲ, ಸರ್ವಜ್ಞಚಕ್ರವರ್ತಿ ಎಂಬ ಬಿರುದುಗಳನ್ನು ಧರಿಸಿದ ಚಾಲುಕ್ಯರಾಜನು. ಗ್ರಂಥರಚನೆಯ ಕಾಲ ಶಕ ೧೦೫೧, ಎಂದರೆ ಕ್ರಿ. ಶ. ೧೧೨೯ರ ಸುಮಾರು. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ಹರಡಿಕೊಂಡಿರುವ ಈ ಸಂಸ್ಕೃತ ಗ್ರಂಥದಲ್ಲಿ ರಾಜನು ತಿಳಿಯಬೇಕಾದ ಎಲ್ಲವೂ ಇದೆ: ಕೋಟೆ, ಕೋಶ, ಆನೆ, ಅಡುಗೆ, ಸಂಗೀತ, ಬೇಟೆ, ಜೂಜು. ಮೈಸೂರಿನ ಪ್ರಾಚ್ಯಕೋಶಾಗಾರದ ಗ್ರಂಥಮಾಲೆಯಲ್ಲಿ ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಇದರ ಮೊದಲ ಭಾಗವನ್ನು ಪ್ರಕಟಿಸಿದರು. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಶ್ರೀಗೊಂದೇಕರರ ಸಂಪಾದನೆಯು ೧೯೨೫, ೧೯೩೯ ಮತ್ತು ೧೯೬೧ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಚಿತ್ರವಿಚಾರವು ಮೂರನೆಯ ವಿಂಶತಿಯಲ್ಲಿ, ರಾಜನ ವಾಸಗೃಹದ ವರ್ಣನೆಯೊಳಗೆ ಬರುತ್ತದೆ. ಸ್ಥಾನವು ಗಮನಾರ್ಹವಾದುದು. ಇಲ್ಲಿ ಚಿತ್ರವು ಪುರಾಣದಲ್ಲಿರುವಂತೆ ಮೋಕ್ಷಕ್ಕೆ ಸಾಧನವೂ ಅಲ್ಲ, ದೇವಾಲಯದ ಅಂಗವೂ ಅಲ್ಲ. ಮನೆಯ ಗೋಡೆಯ ಮೇಲಿನ ಭೋಗವಸ್ತು. ಆದುದರಿಂದಲೇ ಮನೆಯೊಡೆಯನು ಕೆಲಸಗಾರನೊಡನೆ ಲೆಕ್ಕಾಚಾರ ಮಾಡುವ ಧಾಟಿಯೊಂದು ಇಡಿಯ ಪ್ರಕರಣದಲ್ಲಿ ಕಂಡುಬರುತ್ತದೆ.

ಸೋಮೇಶ್ವರನ ಮಾತನ್ನು ಎತ್ತಿಕೊಳ್ಳುವ ಮುನ್ನ ಅವನಿಗಿಂತ ಹಿಂದಿನವರು ಏನು ಹೇಳಿದ್ದರೆಂಬುದನ್ನು ನೋಡತಕ್ಕದ್ದು. ನಾಟ್ಯಶಾಸ್ತ್ರದ ಆಹಾರ್ಯಾಭಿನಯಾಧ್ಯಾಯದಲ್ಲಿ ನಟನ ಮೈಗೆ ಬಣ್ಣ ಬಳಿಯುವ ವಿಧಾನವನ್ನು ಹೇಳುವಾಗ ಸಿತ, ನೀಲ, ಪೀತ, ರಕ್ತಗಳೆಂಬ ನಾಲ್ಕನ್ನು ಸ್ವಭಾವವರ್ಣಗಳೆಂದು ಎಣಿಸಿ, ಉಳಿದವುಗಳನ್ನು ಇವುಗಳ ಸಂಯೋಗದಿಂದ ಪಡೆಯಲಾಗಿದೆ. ಬಿಳಿ ಹಳದಿಗಳು ಸೇರಿದರೆ ಪಾಂಡು; ಬಿಳಿ ಕೆಂಪುಗಳು ಸೇರಿದರೆ ಪದ್ಮವರ್ಣ; ಬಿಳಿ ನೀಲಗಳಿಂದ ಕಪೋತವರ್ಣ; ಹಳದಿ ನೀಲಗಳಿಂದ ಹರಿತ; ನೀಲ ರಕ್ತಗಳಿಂದ ಕಾಷಾಯ; ಕೆಂಪು ಹಳದಿಗಳಿಂದ ಗೌರ. ಈ ಪಟ್ಟಿಯನ್ನು ಓದಿ ಮುಂದೆ ಸಾಗುವವರು ಸಾಮಾನ್ಯವಾಗಿ ಗಮನಿಸದೆ ಬಿಡುವ ಒಂದು ಮಾತು ಇದರ ಬೆನ್ನಿಗೇ ಇದೆ. ಬಲವುಳ್ಳ ಬಣ್ಣದಲ್ಲಿ ಒಂದು ಭಾಗಕ್ಕೆ ದುರ್ಬಲವಾದ ಬಣ್ಣದಲ್ಲಿ ಎರಡು ಭಾಗಗಳನ್ನು ಸೇರಿಸತಕ್ಕದ್ದು. ಆದರೆ ನೀಲಕ್ಕೆ ಈ ಲೆಕ್ಕವು ಸಾಲದು, ಅದರ ಒಂದು ಭಾಗಕ್ಕೆ ಇತರ ಬಣ್ಣವು ನಾಲ್ಕು ಭಾಗ ಬೇಕು. ಏಕೆಂದರೆ ವರ್ಣಗಳೆಲ್ಲದರಲ್ಲಿ ನೀಲವೇ ಅತಿಶಯ ಬಲವುಳ್ಳದ್ದು ಎಂಬುದು ಅದರ ತಾತ್ಪರ್ಯ. ಇದು ಕಲ್ಪನೆಯಿಂದ ಹೊರಟ ಮಾತಲ್ಲ. ನೀಲಿಗಿಡದಿಂದ ತೆಗೆದ ನೀಲಿಯನ್ನು ಒಮ್ಮೆಯಾದರೂ ಬಿಳಿಯೊಡನೆ ಕಲಸಿ ನೋಡಿದವನಿಗೆ, ಚಿಟಿಕೆಯಷ್ಟು ನೀಲಿಯು ಬೊಗಸೆಯಷ್ಟು ಬಿಳಿಯನ್ನು ನುಂಗುವುದು ತಿಳಿದೇ ಇರುವುದು. ಒಂದಕ್ಕೆ ಎರಡು, ನೀಲಿಯಾದರೆ ಒಂದಕ್ಕೆ ನಾಲ್ಕು ಎಂಬುದು ಕೈಯಿಂದ ಕಲಿತ ವಿದ್ಯೆಯು ಸೂತ್ರರೂಪಕ್ಕೆ ಬಂದಿರುವ ಒಳ್ಳೆಯ ನಿದರ್ಶನ.

ಯವನ ರೋಮಕ ಲೋಕದಲ್ಲಿಯೂ ನಾಲ್ಕು ಬಣ್ಣಗಳ ಕಥೆಯೊಂದು ಇತ್ತು. ಅಪೆಲ್ಲಿಸ್ ಮೊದಲಾದ ಹಳೆಯ ಚಿತ್ರಕಾರರು ಬಿಳಿ, ಹಳದಿ, ಕೆಂಪು, ಕಪ್ಪು ಈ ನಾಲ್ಕರಿಂದಲೇ ತಮ್ಮ ಕೀರ್ತಿಯ ಕೃತಿಗಳನ್ನು ರಚಿಸಿದರೆಂದು ಪ್ಲಿನಿಯು ಬರೆದಿದ್ದಾನೆ. ಅಲ್ಲಿ ನೀಲಿಯೇ ಇಲ್ಲ. ಇಲ್ಲಿ ಕಪ್ಪೇ ಇಲ್ಲ. ನೀಲಿಗಿಡವು ಬೆಳೆಯುವ ನಾಡಿನ ಪಟ್ಟಿಗೂ ಅದನ್ನು ದೂರದಿಂದ ತರಿಸಿಕೊಳ್ಳುವ ನಾಡಿನ ಪಟ್ಟಿಗೂ ಇರುವ ಭೇದವು ಇದರಲ್ಲಿ ಕಾಣುವುದೆಂದು ಹೇಳಿದರೆ ತಪ್ಪಾಗಲಾರದು.

ರಸಗಳಿಗೆ ವರ್ಣಗಳನ್ನು ಹೇಳುವ ಆರನೆಯ ಅಧ್ಯಾಯದ ಪಟ್ಟಿಯು ಬೇರೆ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಕಪೋತ, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕೃಷ್ಣ, ಬೀಭತ್ಸಕ್ಕೆ ನೀಲ, ಅದ್ಭುತಕ್ಕೆ ಹಳದಿ. ಎಂಟು ರಸಗಳನ್ನು ಒಂದರಿಂದೊಂದನ್ನು ಬೇರ್ಪಡಿಸುವುದಕ್ಕಾಗಿಯೇ ರಚಿಸಿದ ಈ ಪಟ್ಟಿಯಲ್ಲಿ ಕೃಷ್ಣ, ನೀಲ, ಶ್ಯಾಮ ಮೂರೂ ಪ್ರತ್ಯೇಕವಾಗಿ ಬಂದಿವೆ. ಶ್ಯಾಮವು ಕಪ್ಪೇ ಆಗಿದ್ದರೆ ಶೃಂಗಾರಕ್ಕೂ ಭಯಾನಕಕ್ಕೂ, ನೀಲಿಯೇ ಆಗಿದ್ದರೆ ಶೃಂಗಾರಕ್ಕೂ ಬೀಭತ್ಸಕ್ಕೂ ಭೇದವುಳಿಯುತ್ತಿರಲಿಲ್ಲ. ಅಮರಕೋಶದ ಸಾಲನ್ನು ಹಿಡಿದು ನಾಟ್ಯಶಾಸ್ತ್ರಕ್ಕೆ ಅರ್ಥ ಹೇಳಿದರೆ ಭರತನು ಏಳನೆಯ ಶತ್ರುವನ್ನೂ ಮೊದಲನೆಯ ಮಿತ್ರನನ್ನೂ ಒಂದೇ ಪೋಷಾಕಿನಲ್ಲಿ ರಂಗಕ್ಕೆ ಕಳುಹಿಸಿದಂತಾಗುವುದು. ಗೌರದ ವಿಷಯದಲ್ಲಿಯೂ ಹೀಗೆಯೇ. ಅಮರನು ಅದನ್ನು ಒಮ್ಮೆ ಬಿಳಿಯ ಸಾಲಿನಲ್ಲಿಯೂ ಇನ್ನೊಮ್ಮೆ ಹಳದಿಯ ಸಾಲಿನಲ್ಲಿಯೂ ಸೇರಿಸಿದ್ದಾನೆ. ಭರತನ ಪಟ್ಟಿಯಲ್ಲಿ ಹಾಸ್ಯದ ಬಿಳಿ, ಅದ್ಭುತದ ಹಳದಿ ಎರಡೂ ಇರುವಾಗಲೇ ವೀರಕ್ಕೆ ಗೌರವು ಬೇರೆಯಾಗಿ ನಿಂತಿದೆ.

ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ೩೫ರಿಂದ ೪೩ರವರೆಗಿನ ಅಧ್ಯಾಯಗಳು ಚಿತ್ರಸೂತ್ರವೆಂದು ಪ್ರಸಿದ್ಧವಾಗಿವೆ. ಇವನ್ನು ಸ್ಟೆಲ್ಲಾ ಕ್ರಾಮ್ರಿಶ್ ೧೯೨೪ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ದೇಶದಲ್ಲಿಯೂ ಹೊರಗೂ ಇವುಗಳ ಹೆಸರು ಹಬ್ಬಿತು. ಪ್ರಿಯಬಾಲಾ ಶಾಹರ ಶಾಸ್ತ್ರೀಯ ಪರಿಷ್ಕರಣವು ೧೯೫೮ರಲ್ಲಿ ಪ್ರಕಟವಾಯಿತು. ಇದರಲ್ಲಿ ಮೂಲವರ್ಣಗಳು ಐದು. ಆದರೆ ಆಹಾರ್ಯವನ್ನು ಹೇಳುವ ೨೭ನೆಯ ಅಧ್ಯಾಯದ ಐದಕ್ಕೂ ಚಿತ್ರವನ್ನು ಹೇಳುವ ೪೦ನೆಯ ಅಧ್ಯಾಯದ ಐದಕ್ಕೂ ಹೊಂದಾಣಿಕೆಯಿಲ್ಲ: ಮೊದಲನೆಯದರಲ್ಲಿ ಹಸುರು ಮೂಲವರ್ಣ, ಎರಡನೆಯದರಲ್ಲಿ ಅದರ ಬದಲು ನೀಲ. ಗ್ರಂಥವು ಒಂದೇ ಕೈಯಿಂದ ಬಂದುದಲ್ಲವೆಂಬುದಕ್ಕೆ ಇದೂ ಒಂದು ಸೂಚನೆ. ಚಿತ್ರವನ್ನು ನೋಡುವವರಲ್ಲಿ ಆಚಾರ್ಯರು ರೇಖೆಯನ್ನೂ, ವಿಚಕ್ಷಣರು ವರ್ತನವನ್ನೂ, ಸ್ತ್ರೀಯರು ಭೂಷಣವನ್ನೂ, ಉಳಿದ ಜನರು ಬಣ್ಣದ ಸಮೃದ್ಧಿಯನ್ನೂ ಮೆಚ್ಚುವರೆಂಬ ಇದರ ವಿಭಾಗವು ಬಹಳವಾಗಿ ಉದಾಹೃತವಾಗಿದೆ. ಇದನ್ನು ಕಂಡು ನಮ್ಮ ಪೂರ್ವಿಕರು ಬಣ್ಣವನ್ನು ಪಾಮರರ ಪಾಲಿಗೆ ಬಿಟ್ಟರೆಂದು ತೀರ್ಮಾನಿಸಿದವರೂ ಉಂಟು. ಅದು ಅವಸರದ ತೀರ್ಮಾನ. ವರ್ತನವೆಂದರೆ ಒಂದೇ ಬಣ್ಣವನ್ನು ನೆರಳಿನಿಂದ ಬೆಳಕಿಗೆ ನಡೆಸುವ ಕ್ರಿಯೆ. ಪತ್ರಜ, ಐರಿಕ, ಬಿಂದುಜ ಎಂದು ಅದು ಮೂರು ಬಗೆ, ಎಂದರೆ ಎಲೆಯ ನರಗಳಂತಹ ಗೆರೆಗಳಿಂದ, ಅತಿಸೂಕ್ಷ್ಮ ರೇಖೆಗಳಿಂದ, ಚುಕ್ಕಿಗಳಿಂದ ಸಾಧಿಸುವುದು. ಬಣ್ಣದ ಬಾಹುಳ್ಯವು ಪಾಮರರಿಗೆ, ಬಣ್ಣದ ತಾರತಮ್ಯವು ಪಂಡಿತರಿಗೆ ಎಂಬುದೇ ಅಲ್ಲಿಯ ವಿಂಗಡಣೆ.

ಶ್ಯಾಮದ ಪ್ರಶ್ನೆಗೆ ಮುಖ್ಯವಾದುದು ೨೭ನೆಯ ಅಧ್ಯಾಯದ ಇನ್ನೊಂದು ಭಾಗ. ಮನುಷ್ಯರ ದೇಹಕಾಂತಿಯು ಗೌರ, ಶ್ಯಾಮ ಎಂದು ಎರಡೇ ಬಗೆಯೆಂದು ಹೇಳಿ, ಗೌರದಲ್ಲಿ ಐದು, ಶ್ಯಾಮದಲ್ಲಿ ಹನ್ನೆರಡು ಉಪಭೇದಗಳನ್ನು ಅದು ಎಣಿಸುತ್ತದೆ. ಚಿನ್ನದ ಗೌರ, ದಂತದ ಗೌರ, ಚಂದನದ ಗೌರ, ಶರತ್ಕಾಲದ ಮೋಡದ ಗೌರ, ಚಂದ್ರಕಗೌರ ಎಂಬವು ಆ ಐದು. ಶ್ಯಾಮದ ಹನ್ನೆರಡು ಹೀಗಿವೆ: ರಕ್ತಶ್ಯಾಮ, ಮುದ್ಗಶ್ಯಾಮ, ದೂರ್ವಾಂಕುರಶ್ಯಾಮ, ಪಾಂಡುಶ್ಯಾಮ, ಹರಿತಶ್ಯಾಮ, ಪೀತಶ್ಯಾಮ, ಪ್ರಿಯಂಗುಶ್ಯಾಮ, ಕಪಿಶ್ಯಾಮ, ನೀಲೋತ್ಪಲಶ್ಯಾಮ, ಚಾಷಶ್ಯಾಮ, ರಕ್ತೋತ್ಪಲಶ್ಯಾಮ, ಘನಶ್ಯಾಮ. ಹೆಸರುಕಾಳು, ಗರಿಕೆಯ ಮೊಳಕೆ, ಕಪಿಯ ಮೈ, ನೀಲಕಂಠಪಕ್ಷಿಯ ಗರಿ, ಕೆಂದಾವರೆ, ಮಳೆಯ ಮೋಡ ಇವೆಲ್ಲವೂ ಶ್ಯಾಮದ ಉಪಮಾನಗಳು. ಶ್ಯಾಮವು ಕೆಂಪು ಹಳದಿಗಳ ಹಾಗೆ ಒಂದು ಬಣ್ಣವಾಗಿದ್ದರೆ ರಕ್ತಶ್ಯಾಮವೆಂಬುದಾಗಲಿ ಪೀತಶ್ಯಾಮವೆಂಬುದಾಗಲಿ ಅಸಂಗತವಾದ ಮಾತಾಗುತ್ತಿತ್ತು. ಹೊಂಬಣ್ಣವೂ ಬೆಳ್ಮುಗಿಲಿನ ಬಣ್ಣವೂ ಒಂದೇ ಗೌರದ ಕೆಳಗೆ ಬರುವುದೂ ಹಾಗೆಯೇ. ಆದುದರಿಂದ ಗೌರ ಶ್ಯಾಮಗಳು ಬಣ್ಣಗಳ ಹೆಸರುಗಳಲ್ಲ. ಬಣ್ಣವು ಯಾವುದೇ ಇರಲಿ, ಅದರ ತಿಳಿವು ಮತ್ತು ಗಾಢತೆಗಳ ಹೆಸರುಗಳು. ಕೆಂಪು ಗಾಢವಾದರೆ ರಕ್ತಶ್ಯಾಮ, ಹಸುರು ಗಾಢವಾದರೆ ಹರಿತಶ್ಯಾಮ. ಶರತ್ತಿನ ಮೋಡವು ಗೌರದ ಪಟ್ಟಿಯಲ್ಲಿಯೂ ವರ್ಷಾಕಾಲದ ಮೋಡವು ಶ್ಯಾಮದ ಪಟ್ಟಿಯಲ್ಲಿಯೂ ಸೇರಿರುವುದು ಇದಕ್ಕೆ ಅಂದವಾದ ಸಾಕ್ಷಿ. ವಸ್ತು ಒಂದೇ, ಗಾಢತೆ ಬೇರೆ. ಕನ್ನಡ ಕಾವ್ಯಗಳಲ್ಲಿ ಕೃಷ್ಣನಿಗೆ ಹೆಸರೇ ಆಗಿಬಿಟ್ಟಿರುವ ಘನಶ್ಯಾಮವು ಹನ್ನೆರಡು ಶ್ಯಾಮಗಳಲ್ಲಿ ಒಂದು ಮಾತ್ರವೆಂಬುದನ್ನು ಮರೆತು, ಅದನ್ನೇ ಶ್ಯಾಮದ ಸಮಗ್ರಾರ್ಥವೆಂದು ಹಿಡಿದುದರಿಂದ ಗೊಂದಲವು ಹುಟ್ಟಿತು.

ಪುರಾಣದ ಪಟ್ಟಿಯಿಂದ ಇಷ್ಟನ್ನು ಊಹಿಸಬಹುದು. ಊಹೆಯನ್ನು ಪರೀಕ್ಷಿಸುವುದಕ್ಕೆ ಸೋಮೇಶ್ವರನ ಬಳಿಗೆ ಹೋಗಬೇಕು. ಅವನು ಬಣ್ಣಗಳನ್ನು ಹೆಸರುಗಳಿಂದ ಎಣಿಸುವುದಿಲ್ಲ, ದ್ರವ್ಯಗಳಿಂದ ಎಣಿಸುತ್ತಾನೆ.

ಮೊದಲು ಗೋಡೆ. ಸುಣ್ಣದ ಗಾರೆಯಿಂದ ಸಮನಾಗಿ ನುಣುಪಾಗಿ ಮಾಡಿದ ಗೋಡೆಯ ಮೇಲೆ ವಜ್ರಲೇಪವನ್ನು ಬಿಳಿಯ ಮಣ್ಣಿನೊಡನೆ ಬೆರಸಿ ಮೂರು ಸಲ ಲೇಪಿಸಬೇಕು. ವಜ್ರಲೇಪವೆಂದರೆ ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಕುದಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಟ್ಟುಕೊಂಡ ಸರೇಸು. ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಬಳಸುವುದು. ಕಾಡಿಗೆಗೆ ಅನ್ನವನ್ನು ಸೇರಿಸಿ ಅರೆದು ಮಾಡಿದ ಬತ್ತಿಯೇ ವರ್ತಿಕೆ. ಇದರಿಂದ ಮೊದಲ ರೇಖೆಯನ್ನು ಎಳೆಯುವುದು. ಕುಂಚಗಳು ದಪ್ಪ, ನಡುತರ, ಸಣ್ಣ ಎಂದು ಮೂರು ಬಗೆ. ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕಡ್ಡಿಗೆ ಕೂಡಿಸುವ ವಿಧಾನವನ್ನೂ ಹೇಳಿದೆ.

ಆಮೇಲೆ ಶುದ್ಧವರ್ಣಗಳು. ಬಿಳುಪಿಗೆ ಶಂಖದ ಪುಡಿ, ಕೆಂಪಿಗೆ ದರದ, ಎಂದರೆ ಇಂಗಳೀಕ, ರಕ್ತದ ಛಾಯೆಗೆ ಅಲಕ್ತಕ, ಹಳಗನ್ನಡದ ಅಲತಗೆ, ಲೋಹಿತಕ್ಕೆ ಗೈರಿಕ, ಎಂದರೆ ಜಾಜು, ಹಳದಿಗೆ ಹರಿತಾಲ, ನಮ್ಮ ಅರದಾಳ, ಕಪ್ಪಿಗೆ ಕಾಡಿಗೆ. ಒಂದೇ ಕೆಂಪಿಗೆ ಮೂರು ದ್ರವ್ಯಗಳು ಬಂದಿರುವುದು ಗಮನಿಸತಕ್ಕ ಸಂಗತಿ. ಭರತನಿಗೆ ರಕ್ತವರ್ಣವೆಂದರೆ ಒಂದು. ಚಿತ್ರಶಾಲೆಯಲ್ಲಿ ಗಣಿಯಿಂದ ಬಂದ ಕೆಂಪು, ಮರದ ಕೀಟದಿಂದ ಬಂದ ಕೆಂಪು, ಮಣ್ಣಿನ ಕೆಂಪು ಮೂರೂ ಬೇರೆ ಬೇರೆ. ಅವುಗಳ ಮಿಶ್ರಫಲವೂ ಬೇರೆ. ಇಂಗಳೀಕಕ್ಕೆ ಶಂಖವು ಸೇರಿದರೆ ಕೋಕನದದ ಬಣ್ಣ. ಕಾಡಿಗೆಗೆ ಶಂಖವು ಸೇರಿದರೆ ಹೊಗೆಯ ಛಾಯೆ. ನೀಲಿಗೆ ಶಂಖವು ಸೇರಿದರೆ ಪಾರಿವಾಳದ ಬಣ್ಣ. ನೀಲಿಗೆ ಹರಿತಾಲವು ಸೇರಿದರೆ ಹಸುರು. ಅಲಕ್ತಕಕ್ಕೆ ಕಾಡಿಗೆಯು ಸೇರಿದರೆ ಪಾಟಲ. ಅಲಕ್ತಕಕ್ಕೆ ನೀಲಿಯು ಸೇರಿದರೆ ನೇರಿಳೆಯ ಹಣ್ಣಿನ ಬಣ್ಣ. ನೀಲಿಯೊಂದನ್ನೇ ಬಳಸಿದರೆ ಕನ್ನೈದಿಲೆಯ ಕಾಂತಿ. ಅಗಸೆಯ ಹೂವಿನ ನೀಲಿಗೆ ರಾಜಾವರ್ತವೆಂಬ ರತ್ನಶಿಲೆಯನ್ನು ಹೇಳಿದೆ.

ಈ ಸಾಲಿನಲ್ಲಿಯೇ ಎರಡು ವಿಧಿಗಳು ಬರುತ್ತವೆ. ಗೈರಿಕವನ್ನು ಹರಿತಾಲದೊಡನೆ ಬೆರಸಿದರೆ ಗೌರ. ಕಾಡಿಗೆಯನ್ನು ಗೈರಿಕದೊಡನೆ ಬೆರಸಿದರೆ ಶ್ಯಾಮ.

ಸೋಮೇಶ್ವರನ ಶ್ಯಾಮದಲ್ಲಿ ಹೀಗೆ ನೀಲಿಯ ಲೇಶವೂ ಇಲ್ಲ. ಜಾಜಿನ ಕೆಂಪು ಕಾಡಿಗೆಯಿಂದ ಗಾಢವಾಗಿ, ಕೆಂಬೆಳಗು ಒಳಗಿನಿಂದ ಮಿನುಗುವ ಕಂದುಬಣ್ಣವೇ ಅದು. ಕನ್ನಡನಾಡಿನ ಹೊಲಗಳಲ್ಲಿ, ಬೀದಿಗಳಲ್ಲಿ, ಅರಮನೆಗಳಲ್ಲಿ ಕಾಣುತ್ತಿದ್ದ ಮನುಷ್ಯರ ಮೈಬಣ್ಣ. ಗೌರವೂ ಹಾಗೆಯೇ ಹಳದಿಯೂ ಅಲ್ಲ, ಬಿಳಿಯೂ ಅಲ್ಲ. ಜಾಜಿನ ಕೆಂಪು ಅರದಾಳದಿಂದ ತಿಳಿಯಾದ ಗೋಧಿಯ ಬಣ್ಣ. ಎರಡು ವಿಧಿಗಳಲ್ಲಿಯೂ ಸಾಮಾನ್ಯವಾದುದು ಗೈರಿಕವೊಂದೇ ಎಂಬುದನ್ನು ನೋಡತಕ್ಕದ್ದು. ಅದೇ ಜಾಜಿಗೆ ತಿಳಿಯಾದ ದ್ರವ್ಯವನ್ನು ಕೂಡಿಸಿದರೆ ಗೌರವಾಗುವುದು, ಕಪ್ಪಾದ ದ್ರವ್ಯವನ್ನು ಕೂಡಿಸಿದರೆ ಶ್ಯಾಮವಾಗುವುದು. ವಿಷ್ಣುಧರ್ಮೋತ್ತರದ ಪಟ್ಟಿಯಿಂದ ಊಹಿಸಿದುದನ್ನು ಕಲ್ಯಾಣದ ಚಿತ್ರಶಾಲೆಯು ಅರೆದು ಚಿಪ್ಪಿನಲ್ಲಿ ಇಟ್ಟು ತೋರಿಸಿದಂತಿದೆ. ಮೇಘದೂತದ ಶ್ಯಾಮೆಗೆ ಕಾಸಿದ ಚಿನ್ನದ ಕಾಂತಿಯನ್ನು ಹೇಳಿದ ಸಂಪ್ರದಾಯವೂ ಇಲ್ಲಿ ಸಾರ್ಥಕವಾಗುತ್ತದೆ. ಕೆಂಪಿನ ಮೇಲೆ ಗಾಢತೆಯು ಕವಿದ ಮೈಗೆ ಆ ಉಪಮಾನವು ಸಲ್ಲುವುದು, ನೀಲಿ ಬಳಿದ ಮೈಗೆ ಸಲ್ಲುವುದಿಲ್ಲ.

ಇದೇ ಪ್ರಕರಣದಲ್ಲಿ ಉಬ್ಬುತಗ್ಗುಗಳನ್ನು ತೋರಿಸುವ ಕ್ರಮವನ್ನು ಹೇಳುವಾಗ, ಉಬ್ಬಿದ ಎಡೆಗಳಲ್ಲಿ ಬಣ್ಣವನ್ನು ಉಜ್ಜ್ವಲವಾಗಿಯೂ ತಗ್ಗಿದ ಎಡೆಗಳಲ್ಲಿ ಶ್ಯಾಮಲವಾಗಿಯೂ ಮಾಡಬೇಕೆಂದೂ, ಒಂದೇ ವರ್ಣದಲ್ಲಿಯೂ ತಾರತಮ್ಯದಿಂದ ಇದನ್ನು ಸಾಧಿಸಬೇಕೆಂದೂ ವಿಧಿಸಿದೆ. ಇಲ್ಲಿ ಶ್ಯಾಮಲಕ್ಕೆ ಪ್ರತಿಯೋಗಿಯಾಗಿ ಉಜ್ಜ್ವಲವೆಂಬ ಪದವು ನಿಂತಿದೆ. ಹಳದಿ ಬಟ್ಟೆಯ ಮಡಿಕೆಯೊಳಗೆ ಶ್ಯಾಮಲ ಮಾಡೆಂದರೆ ನೀಲಿ ಬಳಿ ಎಂದಲ್ಲ, ಆ ಹಳದಿಯನ್ನೇ ಕುಂದಿಸು ಎಂದರ್ಥ. ಶ್ಯಾಮಶಬ್ದದ ಚಿತ್ರಶಾಸ್ತ್ರೀಯವಾದ ಅರ್ಥಕ್ಕೆ ಇದಕ್ಕಿಂತ ನೇರವಾದ ಪ್ರಮಾಣವು ಬೇಕಾಗಲಾರದು.

ಈ ವಿವರಣೆಗೆ ವಿರೋಧವಾದ ಸಾಕ್ಷ್ಯವೂ ಇದೆ. ಅದನ್ನು ಮುಚ್ಚಿಡುವುದು ಸಲ್ಲದು. ಹದಿನಾರನೆಯ ಶತಮಾನದಲ್ಲಿ ಕೇರಳದ ಶ್ರೀಕುಮಾರನು ರಚಿಸಿದ ಶಿಲ್ಪರತ್ನದಲ್ಲಿ ಬಿಳಿ, ಹಳದಿ, ಕೆಂಪು, ಕಪ್ಪುಗಳ ಜೊತೆಗೆ ಶ್ಯಾಮವನ್ನು ಐದನೆಯ ಶುದ್ಧವರ್ಣವಾಗಿ ಎಣಿಸಿದೆ. ಗಾಢತೆಯ ಹೆಸರಾದ ಶ್ಯಾಮವು ಶುದ್ಧವರ್ಣಗಳ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ಹೇಗೆಂಬ ಆಕ್ಷೇಪವು ನ್ಯಾಯವಾದುದೇ. ಸಮಾಧಾನವು ಕೇರಳದ ಭಿತ್ತಿಚಿತ್ರಗಳಲ್ಲಿಯೇ ಇದೆ. ಅಲ್ಲಿ ಸಾತ್ತ್ವಿಕರಾದ ದೇವತೆಗಳ ಮೈಗೆ ಹಸುರು ಬಳಿಯುವುದು ಸಂಪ್ರದಾಯ. ಕಥಕಳಿಯ ಪಚ್ಚೆವೇಷವೂ ಅದರ ಬಂಧುವೇ. ಹನ್ನೆರಡು ಶ್ಯಾಮಗಳಲ್ಲಿ ದೂರ್ವಾಂಕುರಶ್ಯಾಮವನ್ನೋ ಹರಿತಶ್ಯಾಮವನ್ನೋ ಆ ನಾಡಿನವರು ಆರಿಸಿಕೊಂಡು ಅದಕ್ಕೇ ಸಾಮಾನ್ಯನಾಮವನ್ನು ಉಳಿಸಿಕೊಂಡರೆಂದು ತಿಳಿಯುವುದು ಯುಕ್ತ. ನಾಲ್ಕುನೂರು ವರ್ಷಗಳ ಬಳಿಕ ಬೇರೆ ನಾಡಿನಲ್ಲಿ ಆದ ಈ ರೂಢಿಯನ್ನು ಕಲ್ಯಾಣದ ಗ್ರಂಥಕ್ಕಾಗಲಿ ನಾಟ್ಯಶಾಸ್ತ್ರಕ್ಕಾಗಲಿ ಹಚ್ಚುವುದು ಸರಿಯಲ್ಲ.

ಮಾನಸೋಲ್ಲಾಸವನ್ನು ಓದುವಾಗ ಸಾಹಿತ್ಯವಿದ್ಯಾರ್ಥಿಗಳು ಎಡವುವ ಇನ್ನೊಂದು ಸ್ಥಳವನ್ನೂ ಇಲ್ಲಿಯೇ ಹೇಳಬೇಕು. ವಿದ್ಧ, ಅವಿದ್ಧ, ಭಾವಚಿತ್ರ, ರಸಚಿತ್ರ, ಧೂಳಿಚಿತ್ರ ಎಂದು ಚಿತ್ರಗಳಲ್ಲಿ ಐದು ಬಗೆ. ರಸಚಿತ್ರವೆಂಬ ಹೆಸರನ್ನು ಕಂಡೊಡನೆ ನವರಸಗಳನ್ನೂ ಅವುಗಳ ವರ್ಣಗಳನ್ನೂ ತಂದು ತುಂಬಬೇಕೆಂಬ ಆಸೆಯು ಹುಟ್ಟುವುದು ಸಹಜ. ಆದರೆ ಶೃಂಗಾರಾದಿಗಳು ನೋಡಿದಷ್ಟರಿಂದಲೇ ತೋರಿಬರುವಂತಹುದು ಭಾವಚಿತ್ರವೆಂದು ಸೋಮೇಶ್ವರನು ಬೇರೆಯಾಗಿ ಹೇಳಿಬಿಟ್ಟಿದ್ದಾನೆ. ರಸಚಿತ್ರವೆಂದರೆ ದ್ರವರೂಪದ ಬಣ್ಣದಿಂದ ಬರೆದುದು, ಧೂಳಿಚಿತ್ರವೆಂದರೆ ಪುಡಿಬಣ್ಣದಿಂದ ಬರೆದುದು. ಮನೆಯಂಗಳದ ರಂಗವಲ್ಲಿಯು ಈ ಎರಡನೆಯ ಜಾತಿಗೆ ಸೇರಿದ್ದು. ಇಲ್ಲಿ ರಸಶಬ್ದಕ್ಕೆ ನೀರಿನ ಅರ್ಥವೇ ಹೊರತು ಆನಂದದ ಅರ್ಥವಲ್ಲ. ಭಾರತೀಯ ಚಿತ್ರಕಾರನು ಬಣ್ಣವನ್ನು ಕಣ್ಣಿನಿಂದ ನೋಡದೆ ರಸಪಟ್ಟಿಯಿಂದ ನೋಡಿದನೆಂಬ ಮಾತು ಹಲವೆಡೆ ಸ್ತುತಿರೂಪವಾಗಿ ಕೇಳಿಬರುತ್ತದೆ. ಈ ಪ್ರಕರಣವನ್ನು ಓದಿದವರಿಗೆ ಅದು ಸ್ತುತಿಯಾಗಿ ತೋರಲಾರದು.

ದ್ರವ್ಯಗಳ ಆಯ್ಕೆಯಲ್ಲಿಯೂ ಒಂದು ನಿಯಮವಿದೆ. ಹಸಿಗಾರೆಯ ಮೇಲೆ ಬರೆಯುವ ಪದ್ಧತಿಯಲ್ಲಿ ಸುಣ್ಣದ ಕ್ಷಾರಕ್ಕೆ ನಿಲ್ಲುವ ಮಣ್ಣಿನ ಬಣ್ಣಗಳೇ ಆಗಬೇಕು. ಅಲಕ್ತಕ, ನೀಲಿಗಳಂತಹ ಸಸ್ಯಜ ಪ್ರಾಣಿಜ ವರ್ಣಗಳಿಗೆ ಅಲ್ಲಿ ಬಾಳುವೆಯಿಲ್ಲ. ತಂಜಾವೂರಿನ ಬೃಹದೀಶ್ವರಾಲಯದಲ್ಲಿ ೧೯೩೧ರಲ್ಲಿ ಬೆಳಕಿಗೆ ಬಂದ ಚೋಳರ ಚಿತ್ರಗಳು ಹಸಿಗಾರೆಯ ಮೇಲಿನವೆಂದು ರಸಾಯನಜ್ಞರಾದ ಎಸ್. ಪರಮಶಿವನ್ ಪರೀಕ್ಷಿಸಿ ತೋರಿಸಿದರು. ಸೋಮೇಶ್ವರನ ಗೋಡೆ ಅಂತಹುದಲ್ಲ. ಒಣಗಿದ ಗೋಡೆಯ ಮೇಲೆ ಸರೇಸಿನ ಲೇಪ, ಅದರ ಮೇಲೆ ಬಣ್ಣ. ಅಲಕ್ತಕ, ನೀಲಿ, ಹರಿತಾಲಗಳನ್ನು ಅವನು ನಿರ್ಭಯವಾಗಿ ಹೇಳುವುದಕ್ಕೆ ಇದೇ ಕಾರಣ. ಬಿಳುಪಿಗೆ ಶಂಖವನ್ನು ಆರಿಸಿದುದೂ ಹರಿತಾಲಕ್ಕೆ ಹಿತವಾದುದು. ಹರಿತಾಲದಲ್ಲಿ ಗಂಧಕವಿದೆ, ಸೀಸದ ಬಿಳಿಯೊಡನೆ ಅದನ್ನು ಕೂಡಿಸಿದರೆ ಕಾಲಕ್ರಮದಲ್ಲಿ ಕಪ್ಪಾಗು‌ವ ಭಯವುಂಟು, ಶಂಖದ ಸುಣ್ಣಕ್ಕೆ ಆ ಭಯವಿಲ್ಲ. ಆದರೆ ಬೆಳಕಿನಲ್ಲಿ ಹರಿತಾಲವು ಮಂಕಾಗುವುದನ್ನು ಯಾರೂ ತಡೆಯಲಾರರು. ನೀಲಿ ಹರಿತಾಲಗಳ ಹಸುರು ಹಳೆಯ ಚಿತ್ರಗಳಲ್ಲಿ ನೀಲಿಗೆ ತಿರುಗಿರುವುದುಂಟು. ಹಳೆಯ ಪಟವೊಂದರಲ್ಲಿ ನೀಲಿಯ ಮೈಯನ್ನು ಕಂಡು ಚಿತ್ರಕಾರನು ನೀಲಿಯನ್ನೇ ಉದ್ದೇಶಿಸಿದನೆಂದು ಹೇಳುವವರು ಇದನ್ನು ನೆನಪಿನಲ್ಲಿಡಬೇಕಾಗುತ್ತದೆ. ಚಿನ್ನದ ವಿಷಯದಲ್ಲಿಯೂ ಕೈಕೆಲಸದ ಸೂಕ್ಷ್ಮಗಳಿವೆ: ಮೆದುವಾದ ಅಪ್ಪಟ ಚಿನ್ನದ ತಗಡನ್ನು ಕಲ್ಲಿನ ಮೇಲೆ ನೀರಿನೊಡನೆ ಅರೆದು, ವಜ್ರಲೇಪದಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಹಂದಿಯ ಕೋರೆಯಿಂದ ಮೆಲ್ಲಗೆ ಉಜ್ಜಿ ಹೊಳಪೇರಿಸುವುದು.

ಪಾಶ್ಚಾತ್ಯರ ವರ್ಣಶಾಸ್ತ್ರವು ನಡೆದ ದಾರಿ ಬೇರೆ. ೧೭೦೪ರಲ್ಲಿ ಪ್ರಕಟವಾದ ಗ್ರಂಥದಲ್ಲಿ ನ್ಯೂಟನ್ನನು ಗಾಜಿನ ಪಟ್ಟಕದಿಂದ ಒಡೆದ ಬೆಳಕಿನ ಏಳು ಬಣ್ಣಗಳನ್ನು ವಿವರಿಸಿದನು. ಅದೇ ಶತಮಾನದಲ್ಲಿ ಲ ಬ್ಲಾನನು ಕೆಂಪು, ಹಳದಿ, ನೀಲಿಗಳೆಂಬ ಮೂರರಿಂದ ಅಚ್ಚುಚಿತ್ರಗಳನ್ನು ತೆಗೆದನು. ಗೋಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣದ ಮೇಲ್ವಿಚಾರಕನಾಗಿದ್ದ ಷೆವ್ರಲನು, ಒಂದರ ಪಕ್ಕದಲ್ಲೊಂದಿಟ್ಟ ಬಣ್ಣಗಳು ಪರಸ್ಪರವನ್ನು ಮಾರ್ಪಡಿಸುವ ನಿಯಮವನ್ನು ೧೮೩೯ರಲ್ಲಿ ಹೊರಗೆಡಹಿದನು. ಬೆಳಕುಗಳ ಮಿಶ್ರಣವೂ ಪುಡಿಗಳ ಮಿಶ್ರಣವೂ ಒಂದೇ ಅಲ್ಲವೆಂಬುದನ್ನು ಹೆಲ್ಮ್‌ಹೋಲ್ಟ್ಸನು ೧೮೫೨ರಲ್ಲಿ ಸ್ಪಷ್ಟಪಡಿಸಿದನು. ಇವುಗಳೆಲ್ಲವನ್ನೂ ನಮ್ಮವರು ಮೊದಲೇ ಬಲ್ಲವರಾಗಿದ್ದರೆಂದು ಹೇಳುವುದು ಹಾಸ್ಯಾಸ್ಪದ. ಆದರೆ ಮನ್ಸೆಲ್ ಎಂಬ ಅಮೆರಿಕದ ಚಿತ್ರಶಿಕ್ಷಕನು ೧೯೦೫ರಲ್ಲಿ ಪ್ರತಿಯೊಂದು ಬಣ್ಣಕ್ಕೂ ಜಾತಿ, ತಿಳಿವು, ತೀಕ್ಷ್ಣತೆ ಎಂಬ ಮೂರು ಅಳತೆಗಳಿವೆಯೆಂದು ನಿರೂಪಿಸಿದಾಗ, ಅವುಗಳಲ್ಲಿ ಎರಡನೆಯದು ಗೌರ ಶ್ಯಾಮಗಳ ಪಂಕ್ತಿಗೆ ಸೇರಿದ್ದೇ ಆಗಿತ್ತು. ಅವನು ಅದನ್ನು ಅಂಕಿಗಳಿಂದ ಅಳೆದನು. ಇವರು ಮೋಡದಿಂದ, ಕಾಳಿನಿಂದ, ಹೂವಿನಿಂದ ಅಳೆದರು.

ಚಾಲುಕ್ಯರ ಕಲ್ಯಾಣದ ಅರಮನೆಯ ಗೋಡೆಗಳು ಉಳಿದಿಲ್ಲ. ಗ್ರಂಥವನ್ನು ಹೋಲಿಸಿ ನೋಡುವುದಕ್ಕೆ ಕಾಲದೃಷ್ಟಿಯಿಂದ ಅತಿ ಸಮೀಪವಾದುವು ಮೂಡಬಿದರೆಯ ಸಿದ್ಧಾಂತಬಸದಿಯ ತಾಳೆಯೋಲೆಗಳು. ಧವಳಾಗ್ರಂಥದ ಚಿತ್ರಿತ ಓಲೆಗಳ ಕಾಲ ಕ್ರಿ. ಶ. ೧೧೧೩, ಮಾನಸೋಲ್ಲಾಸಕ್ಕಿಂತ ಹದಿನಾರು ವರ್ಷ ಮಾತ್ರ ಹಿಂದಿನವು. ಅವುಗಳಿಗಿಂತ ಐದು ಶತಮಾನಗಳಿಗೂ ಹಿಂದೆ, ಶಕ ೫೦೦ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಕಾಲದ ಬಣ್ಣದ ತುಣುಕುಗಳು ಉಳಿದಿದ್ದವು. ಮುಂದಿನ ಕಾಲದಲ್ಲಿ ಕೆಳದಿಯ ಬಸವಪ್ಪನಾಯಕನು ೧೭೦೯ರಲ್ಲಿ ಮುಗಿಸಿದ ಶಿವತತ್ತ್ವರತ್ನಾಕರದ ಚಿತ್ರಭಾಗವು ಸೋಮೇಶ್ವರನನ್ನು ಬಹುಮಟ್ಟಿಗೆ ಅನುಸರಿಸಿದೆ. ಹೀಗೆ ಆರು ಶತಮಾನಗಳ ಕಾಲ ಕನ್ನಡನಾಡಿನ ಅರಸುಮನೆಗಳಲ್ಲಿ ಈ ವರ್ಣಪಾಠವು ಮಾನ್ಯವಾಗಿಯೇ ಇದ್ದಿತು.

ಕನ್ನಡದ ಬಣ್ಣದ ಮಾತುಗಳೂ ಈ ವಿಚಾರಕ್ಕೆ ಹೊರಗಲ್ಲ. ಬಿಳಿದು, ಕರಿದು, ಕೆಂಪು, ಹಸುರು ಇವು ದೇಶ್ಯಗಳು. ಹಳದಿಯು ಹರಿದ್ರೆಯಿಂದ ಬಂದುದು, ನೀಲಿಯು ಸಂಸ್ಕೃತದ್ದೇ. ಹಸುರಿನ ಧಾತುವು ದ್ರಾವಿಡಭಾಷೆಗಳಲ್ಲಿ ಹಸಿಯಾದುದನ್ನೂ ಹಳದಿಯನ್ನೂ ತಿಳಿಸುವಷ್ಟು ವಿಶಾಲವಾದುದು. ನೀಲಿಗೆ ಪ್ರತ್ಯೇಕವಾದ ದೇಶ್ಯಪದವಿಲ್ಲದ ಭಾಷೆಯು ಶ್ಯಾಮವನ್ನು ಸಂಸ್ಕೃತದಿಂದ ತೆಗೆದುಕೊಂಡಾಗ ಅದನ್ನು ಕರಿದು ಎಂಬುದರ ಹತ್ತಿರಕ್ಕೆ ಎಳೆದುಕೊಂಡುದು ಸಹಜವಾಗಿಯೇ ಇದೆ. ಎಣ್ಣೆಗಪ್ಪು, ನಸುಗಪ್ಪು, ಕೆಂಗಪ್ಪು ಎಂದು ಜನರು ಮೈಬಣ್ಣವನ್ನು ವಿವರಿಸುವ ಮಾತುಗಳು ಪುರಾಣದ ಹನ್ನೆರಡು ಶ್ಯಾಮಗಳಿಗೆ ಕೋಶಗಳಿಗಿಂತ ಹತ್ತಿರದವು.

ಹಾಗಾದರೆ ಶ್ಯಾಮವು ನೀಲಿಯೇ ಎಂಬ ನಂಬಿಕೆಯು ಇಷ್ಟು ಬಲವಾದುದು ಹೇಗೆ? ಇದಕ್ಕೆ ಶಾಸ್ತ್ರಕ್ಕಿಂತ ಪೇಟೆಯೇ ಹೆಚ್ಚಿನ ಕಾರಣವೆಂದು ಹೇಳಬಹುದಾಗಿದೆ. ರಾಜಾವರ್ತವು ಬದಖ್‌ಶಾನದ ಗಣಿಗಳಿಂದ ಬರಬೇಕಾಗಿದ್ದ ದುಬಾರಿಯ ದ್ರವ್ಯ. ನೀಲಿಗಿಡದ ಬಣ್ಣವು ಸುಲಭವಾಗಿದ್ದರೂ ಮಂದವಾದುದು, ಮೈಬಣ್ಣವನ್ನು ಗಾಢಗೊಳಿಸುವುದಕ್ಕೆ ತಕ್ಕುದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಕಂಡುಹಿಡಿದ ಪ್ರಷ್ಯದ ನೀಲಿಯೂ, ೧೮೨೮ರ ಸುಮಾರಿಗೆ ಫ್ರಾನ್ಸಿನಲ್ಲಿ ಕೃತಕವಾಗಿ ತಯಾರಾದ ರಾಜಾವರ್ತದ ನೀಲಿಯೂ ಹಡಗುಗಳಲ್ಲಿ ಬಂದಿಳಿದ ಮೇಲೆ ನೀಲಿಯು ಎಲ್ಲ ಬಣ್ಣಗಳಷ್ಟೇ ಅಗ್ಗವಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಶ್ರೀತತ್ತ್ವನಿಧಿಯ ಚಿತ್ರಗಳು ಸಿದ್ಧವಾದುದು ಈ ಬದಲಾವಣೆಯ ಕಾಲದಲ್ಲಿಯೇ. ಅಲ್ಲಿ ಪ್ರತಿಯೊಂದು ದೇವತೆಗೂ ಧ್ಯಾನಶ್ಲೋಕವು ಬಣ್ಣವನ್ನು ಗೊತ್ತುಮಾಡಿಕೊಟ್ಟಿರುತ್ತದೆ. ಚಿತ್ರಗಾರನು ಓದಿ ತುಂಬಬೇಕು. ೧೮೯೪ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಅಚ್ಚುಕೂಟವು ಆರಂಭವಾದ ಮೇಲೆ ಬಣ್ಣದ ಪಟಗಳು ಮನೆಮನೆಗೂ ಹೋದುವು, ಪುರಾಣಪುರುಷರ ಮೈಯ ನೀಲಿಯೂ ಅವುಗಳೊಡನೆ ಹೋಯಿತು. ಅಂತಹ ಪಟವನ್ನು ದೇವರ ಗೂಡಿನಲ್ಲಿ ಕಂಡು ಬೆಳೆದ ವಿದ್ಯಾರ್ಥಿಯು ಶೃಂಗಾರದ ವರ್ಣವನ್ನು ಓದುವಾಗ ಅವನ ಕಣ್ಣ ಮುಂದೆ ನಿಲ್ಲುವುದು ಬರ್ಲಿನ್ನಿನ ನೀಲಿ. ಕಲ್ಯಾಣದ ಚಿತ್ರಕಾರನ ಚಿಪ್ಪಿನಲ್ಲಿದ್ದುದು ಜಾಜು ಮತ್ತು ಕಾಡಿಗೆ.